ಎಂಜಿನ್ನಿನ ಬಾಣಂತನ

ಮೊನ್ನೆ ರಕ್ತ ಪರೀಕ್ಷೆಗೆಂದು ವಿದ್ಯಾನಗರದ ಲ್ಯಾಬೊಂದಕ್ಕೆ ಹೋಗಿದ್ದೆ. ಸೂಜಿ ಹಿಡಿದಿದ್ದ ಹುಡುಗಿ ಹತ್ತಿಯ ಹೊಸ ಸುರುಳಿ ತೆಗೆದು ಅದರ ನೀಲಿ ಕಾಗದವನ್ನು ಪರ್ರನೆ ಹರಿದಳು. ಹತ್ತಿಯ ವಾಸನೆ ಮೂಗಿಗೆ ಬಂತು. ಹತ್ತಿಗೆಂಥ ವಾಸನೆ ಎಂದು ನೀವು ಕೇಳಬಹುದು. ದಾವಣಗೆರೆಯ ಮಿಲ್ಲುಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲದಲ್ಲಿ ಈ ಊರಿಗೆ ಸೊಸೆಯಾಗಿ ಬಂದವಳು ನಾನು. ನನಗೆ ಆ ವಾಸನೆ ಗೊತ್ತು. ಒಣಗಿದ, ಮೂಗಿನೊಳಗೆ ಸಣ್ಣಗೆ ಕಚಗುಳಿ ಇಡುವ ವಾಸನೆ...

ಎದ್ದು ಹೊರಡುವಾಗ, ಹೊರಗೆ ಗಾಳಿ ಜೋರಾಗಿದೆ, ಕಿವಿಗಿಡಲು ಒಂಚೂರು ಹತ್ತಿ ಕೊಡಮ್ಮ ಎಂದೆ. ಅವಳು ಒಂದು ಉಂಡೆ ಕೊಟ್ಟಳು. ಇನ್ನೊಂದು ಕೊಡು ಎನ್ನಲು ಬಾಯಿ ತೆರೆದವಳು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಸಕ್ಕರೆ ಕಡಿಮೆಯಾಗಿರಬೇಕೆಂದು ಅವಳು ಗಾಬರಿಯಿಂದ ನೀರು ತಂದುಕೊಟ್ಟಳು. ಸಕ್ಕರೆ ಸರಿಯಾಗಿಯೇ ಇತ್ತು. ನನಗೆ ದೊಡ್ಡಮ್ಮ ನೆನಪಾಗಿದ್ದಳು, ಅಷ್ಟೆ.

ದೊಡ್ಡಮ್ಮ ನನಗೆ ಸಂಬಂಧಿಕಳಲ್ಲ. ನಮ್ಮ ಹಿತ್ತಿಲಿಗೆ ಅವಳ ಹಿತ್ತಿಲು ತಾಗಿಕೊಂಡಿತ್ತು. ಎರಡರ ನಡುವೆ ಬಿದ್ದುಹೋದ ಒಂದು ಮಣ್ಣಿನ ಗೋಡೆ. ಆವರಗೆರೆಯಿಂದ ಮದುವೆಯಾಗಿ ಬಂದ ಅವಳನ್ನು ಓಣಿಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಮಕ್ಕಳಿಲ್ಲದವಳು. ಆದರೆ ಆ ಓಣಿಯ ಅರ್ಧ ಮಕ್ಕಳು ಅವಳ ಕಾಲ ಮೇಲೆ ಮಲಗಿ ಎರೆಸಿಕೊಂಡು ಬೆಳೆದವರು. ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತನ ಅವಳದೇ. ಅವಳು ನೋಡಿಕೊಂಡ ಬಾಣಂತಿಗೆ ಸನ್ನಿ ಹಿಡಿಯಿತು, ನಂಜಾಯಿತು ಎಂಬ ಮಾತು ಒಮ್ಮೆಯೂ ಬಂದಿರಲಿಲ್ಲ, ಆ ಹೆಮ್ಮೆ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಅವಳ ಗಂಡ ಮತ್ತು ನಮ್ಮ ಮಾವ ಒಂದೇ ಮಿಲ್ಲಿನಲ್ಲಿ, ಹತ್ತಿ ಹಿಂಜುವ ಯಂತ್ರಗಳ ಮುಂದೆ ನಿಂತು ವಯಸ್ಸು ಕಳೆದವರು. ಇಬ್ಬರೂ ಕೆಮ್ಮಿ ಕೆಮ್ಮಿಯೇ ಹೋದರು. ನಮ್ಮ ಯಜಮಾನರೂ ಅದೇ ಮಿಲ್ಲಿಗೆ ಸೇರಿದ್ದರು. ಮದುವೆಯಾದ ವರ್ಷವೇ ಅವರಿಗೂ ಆ ಕೆಮ್ಮು ಶುರುವಾಯಿತು. ಹತ್ತಿಯ ಧೂಳಿನಿಂದ ದೂರ ಇದ್ದರೆ ಬದುಕುತ್ತೀಯ ಎಂದು ಡಾಕ್ಟರು ನನ್ನೆದುರೇ ಹೇಳಿದರು. ಇದ್ದ ತುಂಡು ಹೊಲ ಮಾರಿ ಒಂದು ಹಳೇ ಇಂಗ್ಲಿಷ್ ಕಾರು ತಂದು, ದಾವಣಗೆರೆಗೂ ಹರಿಹರಕ್ಕೂ ಬಾಡಿಗೆ ಹೊಡೆಯತೊಡಗಿದರು. ಕೆಮ್ಮು ನಿಂತಿತು. ಅಂದಿನಿಂದ ಆ ಕಾರಿನ ಸದ್ದನ್ನೇ ನಾನು ಅವರ ಉಸಿರಾಟ ಎಂಬಂತೆ ಕೇಳತೊಡಗಿದೆ. ಓಣಿಯ ತಿರುವಿನಲ್ಲಿ ಎಂಜಿನ್ನು ಸ್ವಲ್ಪ ಬೇರೆ ಥರ ಗುಟುರು ಹಾಕಿದರೂ ನನ್ನ ಕೈಯ ಪಾತ್ರೆ ಕೆಳಗೆ ಬೀಳುತ್ತಿತ್ತು. ಮೊದಲಿಂದಲೂ ನಾನು ಇಲ್ಲದ ಚಿಂತೆಯನ್ನು ಹುಡುಕಿ ತರುವವಳು. ಇನ್ನು ಇರುವ ಚಿಂತೆಯನ್ನು ಬಿಡುತ್ತೇನೆಯೇ?

ಅರವತ್ತರ ದಶಕದ ಆರಂಭದ ವರ್ಷಗಳು. ನನಗೆ ದಿನ ತುಂಬಿದ್ದಾಗಲೇ ಆ ಎಂಜಿನ್ನು ಬಡಿದುಕೊಳ್ಳತೊಡಗಿತು. ಹರಿಹರದಲ್ಲಿ ಹೊಳೆಯ ದಂಡೆಗೆ ಹತ್ತಿರ ಒಬ್ಬ ಮೇಸ್ತ್ರಿಯ ಶೆಡ್ಡಿತ್ತು. ಅವನು ಎಂಜಿನ್ನನ್ನು ಬಿಚ್ಚಿ, ಒಳಗಿನ ಸಿಲಿಂಡರುಗಳನ್ನು ಕೊರೆಸಿ ನುಣುಪು ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿ ಮತ್ತೆ ಕೂಡಿಸಿದ. ಹೀಗೆ ಕೊರೆಸುವುದು ಆ ಎಂಜಿನ್ನಿಗೆ ಮೊದಲ ಸಲವೇನಲ್ಲ. ಇದೇ ಕೊನೆ, ಇನ್ನೊಂದು ಸಲ ಕೊರೆಯಲು ಇದರಲ್ಲಿ ಕಬ್ಬಿಣವೇ ಉಳಿದಿಲ್ಲ ಎಂದು ಅವನು ಯಜಮಾನರಿಗೆ ಸ್ಪಷ್ಟವಾಗಿ ಹೇಳಿದ್ದ. ಒಳಗೆ ಒಂದು ಕಣ ಮರಳು ಹೋದರೂ, ಒಂದು ಮಚ್ಚೆ ತುಕ್ಕು ಹಿಡಿದರೂ, ಮೊದಲ ಸಲ ಚಾಲೂ ಮಾಡುವಾಗಲೇ ಸಿಲಿಂಡರಿಗೆ ಗೆರೆ ಬಿದ್ದು ಎಂಜಿನ್ನು ಕೆಟ್ಟುಹೋಗುತ್ತದೆ. ಆಮೇಲೆ ಅದು ಗುಜರಿಗೆ, ಯಜಮಾನರು ಮಿಲ್ಲಿಗೆ.

ಎಂಜಿನ್ನು ಸಿದ್ಧವಾಯಿತು, ಆದರೆ ಮುಂಬಯಿಯಿಂದ ಬರಬೇಕಿದ್ದ ಕ್ಲಚ್ಚಿನ ಸಾಮಾನು ಬರಲಿಲ್ಲ. ಅಷ್ಟರಲ್ಲಿ ಮಲೆನಾಡಿನಲ್ಲಿ ಮಳೆ ಹಿಡಿದು ತುಂಗಭದ್ರೆ ಏರತೊಡಗಿದಳು. ಶೆಡ್ಡಿನ ಹೊಸ್ತಿಲವರೆಗೂ ತೇವ ಬಂದಾಗ ಮೇಸ್ತ್ರಿ ಕಾರಿನ ಮೈಯನ್ನು ದಿಬ್ಬದ ಮೇಲಕ್ಕೆ ತಳ್ಳಿಸಿ, ಎಂಜಿನ್ನನ್ನು ಲಾರಿಯಲ್ಲಿ ಹಾಕಿ ನಮ್ಮ ಮನೆಗೇ ತಂದಿಳಿಸಿದ. ಅದರ ಪಕ್ಕದಲ್ಲಿದ್ದ ತೂತುಗಳಿಗೆಲ್ಲ ಮರದ ಬಿರಡೆ ಕೆತ್ತಿ ಬಡಿದಿದ್ದ. ಗಾಳಿ ಸೋಕಬಾರದು, ಥಂಡಿ ಆಗಬಾರದು, ಧೂಳು ಬೀಳಬಾರದು. ಆಗಾಗ ಮೇಲಿನಿಂದ ಎರಡು ತೊಟ್ಟು ಎಣ್ಣೆ ಬಿಟ್ಟು ಕೈಯಿಂದ ಒಂದು ಸುತ್ತು ತಿರುಗಿಸುತ್ತಿರಬೇಕು, ಇಲ್ಲದಿದ್ದರೆ ರಿಂಗು ಅಂಟಿಕೊಳ್ಳುತ್ತದೆ ಎಂದೆಲ್ಲ ಹೇಳಿದ. ಹೋಗುವಾಗ ಕೊನೆಯದಾಗಿ ಅಂದ: "ಬಾಣಂತೀನ ಹೆಂಗೆ ನೋಡ್ಕೊಂತೀರೋ ಹಂಗೇ ನೋಡ್ಕೋರಿ."

ಆಗ ನಾನು ಹೆತ್ತು ಇನ್ನೂ ಹಸಿಮೈಯವಳು. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರಿಂದ ಬಾಣಂತನಕ್ಕೆ ತವರಿಗೆ ಹೋಗುವ ಮಾತಿರಲಿಲ್ಲ. ದೊಡ್ಡಮ್ಮ ಯಾರೂ ಕರೆಯುವ ಮೊದಲೇ ಹಿತ್ತಿಲ ಗೋಡೆ ದಾಟಿ ಬಂದು, ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ನನಗೂ ಕೂಸಿಗೂ ಹೊರಸು ಹಾಕಿ, ಕೆಳಗೆ ಕೆಂಡ ಇಟ್ಟು, ನನ್ನ ತಲೆಗೆ ಬಟ್ಟೆ ಬಿಗಿದು, ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಎರಡೂ ಕಿವಿಗೆ ಒತ್ತಿ ಇಟ್ಟಿದ್ದಳು. ಮೇಸ್ತ್ರಿಯ ಮಾತು ಅವಳ ಕಿವಿಗೂ ಬಿತ್ತು. ಅವಳು ಎಂಜಿನ್ನಿನ ಸುತ್ತ ಒಂದು ಸುತ್ತು ಬಂದು, ಮನೆಯ ಯಾವ ಮೂಲೆಯಲ್ಲಿ ಗಾಳಿ ಬರುತ್ತದೆ, ಯಾವ ಗೋಡೆ ಥಂಡಿ ಹಿಡಿಯುತ್ತದೆ ಎಂದು ಲೆಕ್ಕ ಹಾಕಿ, ಅದನ್ನೂ ನಮ್ಮ ಕೋಣೆಗೇ ತರಲು ಹೇಳಿದಳು. ಯಜಮಾನರಿಗೆ ಸಂಕೋಚ. "ಯಾಕ ಸಂಕೋಚ? ಇದು ಕೆಟ್ರೆ ನೀನೂ ಉಳಿಯಂಗಿಲ್ಲ, ಇವಳೂ ಉಳಿಯಂಗಿಲ್ಲ. ಒಳಗ ತರ್ರಿ," ಎಂದಳು.

ಹೀಗೆ ಆ ಕೋಣೆಯಲ್ಲಿ ಒಂದು ಕಡೆ ನಾನು ಮತ್ತು ಕೂಸು, ಇನ್ನೊಂದು ಕಡೆ ಹಲಗೆಯ ಮೇಲೆ ಕಂಬಳಿ ಹೊದ್ದ ಎಂಜಿನ್ನು. ಕೂಸಿಗೆ ಎರೆದು ಲೋಬಾನದ ಹೊಗೆ ಹಾಕಿದ ಮೇಲೆ, ದೊಡ್ಡಮ್ಮ ಅದೇ ಹೊಗೆಯನ್ನು ಅದರ ಸುತ್ತಲೂ ಒಂದು ಸಲ ಆಡಿಸುತ್ತಿದ್ದಳು. ನನಗೆ ನಗು ಬರುತ್ತಿತ್ತು, ನಕ್ಕರೆ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ಯಜಮಾನರು ಬೆಳಿಗ್ಗೆ ಬಂದು ಎಣ್ಣೆ ಬಿಟ್ಟು ಹಿಡಿಕೆ ತಿರುಗಿಸುತ್ತಿದ್ದರು. ಒಳಗಿನಿಂದ ನಿಟ್ಟುಸಿರಿನಂಥ ಒಂದು ಸದ್ದು ಬರುತ್ತಿತ್ತು. ಒಂದು ದಿನ ಕಂಬಳಿ ಸರಿಸಿ, ಯಾವ ತೂತು ಯಾವುದಕ್ಕೆ ಎಂದು ತೋರಿಸಿದರು. ಇವುಗಳಿಂದ ಅದು ಉಸಿರು ಎಳೆದುಕೊಳ್ಳುತ್ತದೆ, ಇವುಗಳಿಂದ ಬಿಡುತ್ತದೆ ಎಂದು ಹೇಳುವಾಗ ಅವರ ಮುಖದಲ್ಲಿ ಕೂಸನ್ನು ಮೊದಲ ಸಲ ಎತ್ತಿಕೊಂಡಾಗಿನ ಕಳೆಯೇ ಇತ್ತು. ಅದನ್ನು ನೋಡಿ ಸಂತೋಷಪಡುವ ಬದಲು ನನಗೆ ಹೆದರಿಕೆಯಾಯಿತು. ಇಷ್ಟೊಂದು ಆಸೆ ಇಟ್ಟುಕೊಳ್ಳಬಾರದಿತ್ತು ಎನಿಸಿತು.

ಆ ದಿನಗಳನ್ನು ನಾನು ಸುಖದಿಂದ ಕಳೆಯಲಿಲ್ಲ. ಕೂಸು ಉಸಿರಾಡುತ್ತಿದೆಯೇ ಎಂದು ಮೂಗಿನ ಬಳಿ ಬೆರಳು ಹಿಡಿಯುವುದು, ಆಮೇಲೆ ಕಂಬಳಿಯ ಕಡೆ ನೋಡುವುದು, ಇದೇ ಕೆಲಸ. ಇಲಿ ಬಂದರೆ? ಮಾಡು ಸೋರಿದರೆ? ಕೆಂಡದ ಕಿಡಿ ಹಾರಿದರೆ? ಆಷಾಢದ ಗಾಳಿ ಬೇರೆ. ಮಿಲ್ಲಿನ ಕಡೆಯಿಂದ ಹತ್ತಿಯ ಎಳೆಗಳು ಹಾರಿ ಬಂದು ಕಿಟಕಿಯ ಸಂದಿಯಿಂದ ತೂರಿ, ಬೆಳಕಿನ ಕೋಲಿನಲ್ಲಿ ತೇಲುತ್ತಿದ್ದವು. ನಾನು ಮಲಗಿದಲ್ಲಿಂದಲೇ ಅವನ್ನು ನೋಡುತ್ತ, ಒಂದಾದರೂ ಆ ಮೂಲೆಗೆ ಹೋಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಕೊನೆಗೂ ಕ್ಲಚ್ಚಿನ ಸಾಮಾನು ಬಂತು, ಹೊಳೆಯೂ ಇಳಿಯಿತು. ಎಂಜಿನ್ನನ್ನು ಕಂಬಳಿ ಸಮೇತ ಹಗ್ಗದಿಂದ ಬಿಗಿದು ಹರಿಹರಕ್ಕೆ ಒಯ್ದರು. ಯಜಮಾನರು ಆ ದಿನ ಅಲ್ಲೇ ಉಳಿದರು. ಮಾರನೆಯ ದಿನ ಮಧ್ಯಾಹ್ನ ಪೂಜೆ ಮಾಡಿ ಚಾಲೂ ಮಾಡುವುದೆಂದು ಮಾತಾಗಿತ್ತು. ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಬಚ್ಚಲಲ್ಲಿ ಕೂಸಿಗೆ ಎರೆಯುತ್ತಿದ್ದಳು. ಕೆಂಡಕ್ಕೆ ಲೋಬಾನ ಹಾಕೋಣವೆಂದು ನಾನು ಡಬ್ಬಿಗೆ ಕೈ ಹಾಕಿದೆ. ಕೈಗೆ ಮರದ ತುಂಡುಗಳು ಸಿಕ್ಕವು. ತೆಗೆದು ನೋಡಿದರೆ, ಎಂಜಿನ್ನಿನ ಎರಡು ಬಿರಡೆಗಳು.

ಅವಳು ಕೂಸನ್ನು ಸುತ್ತಿಕೊಂಡು ಒಳಗೆ ಬಂದಾಗ ಬಿರಡೆಗಳನ್ನು ತೋರಿಸಿದೆ. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕೋಣೆಯ ಕೆಂಡದ ಕಾವಿಗೆ ಮರ ಒಣಗಿ ಸಣ್ಣಗಾಗಿ ಎರಡು ಬಿರಡೆ ತಾವಾಗೇ ಉದುರಿದ್ದವಂತೆ, ಎಂಜಿನ್ನು ಒಯ್ಯುವ ಹಿಂದಿನ ಸಂಜೆ, ನಾನು ನಿದ್ದೆ ಹೋಗಿದ್ದಾಗ. ಹೊರಗೆ ಗಾಳಿ ಜೋರಾಗಿತ್ತು, ಗಂಡಸರು ಮನೆಯಲ್ಲಿರಲಿಲ್ಲ. "ಹಸೇ ಬಾಣಂತಿ, ಕಿವಿ ತೆರ್ಕೊಂಡು ಕುಂತಿತ್ತು. ನಿಂಗೆ ಇಟ್ಟಂಗೇ ಹತ್ತಿ ಎಣ್ಣ್ಯಾಗೆ ಅದ್ದಿ ಇಟ್ಟೆ. ಗಟ್ಟಿಯಾಗೇ ಒತ್ತೀನಿ, ಗಾಳಿ ಹೊಕ್ಕಿಲ್ಲ ಬಿಡು," ಎಂದಳು.

ಅದನ್ನು ಯಾರಿಗಾದರೂ ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಬಾಣಂತಿಯ ಕಿವಿಯ ವಿಷಯ ಗಂಡಸರಿಗೆ ಯಾರು ಹೇಳುತ್ತಾರೆ? ಯಾವ ತೂತುಗಳೆಂದು ಕೇಳಿದೆ, ಎಂಜಿನ್ನು ಇದ್ದ ಜಾಗದಲ್ಲಿ ಕೈಯಿಂದ ಅಳೆದು ತೋರಿಸಿದಳು. ಅವು ಅದು ಉಸಿರೆಳೆಯುವ ತೂತುಗಳು ದೊಡ್ಡಮ್ಮ, ಚಾಲೂ ಮಾಡಿದರೆ ಹತ್ತಿ ಒಳಗೆ ಎಳೆದುಕೊಳ್ಳುತ್ತದೆ ಎಂದೆ. ಎಣ್ಣೆ ಕುಡಿದು ಕಪ್ಪಾಗಿ ಆಳಕ್ಕೆ ಕೂತ ಹತ್ತಿ, ತೂತಿನ ಕತ್ತಲೆಗೂ ಅದಕ್ಕೂ ವ್ಯತ್ಯಾಸ ತಿಳಿಯದು. ಮೇಸ್ತ್ರಿ ನೋಡಿರಬಹುದು, ನೋಡಿರದೆಯೂ ಇರಬಹುದು.

ದೊಡ್ಡಮ್ಮ ಕೂಸನ್ನು ನನ್ನ ಮಗ್ಗುಲಿಗೆ ಮಲಗಿಸಿ, ಕೆಂಡ ಕೆದಕಿ, ನನ್ನ ಹೊದಿಕೆ ಸರಿಮಾಡಿದಳು. ಬಾಣಂತನ ಹಿಡಿದರೆ ಅದು ಮುಗಿಯುವವರೆಗೆ ಅವಳು ಓಣಿಯ ತುದಿಯನ್ನೂ ದಾಟುತ್ತಿರಲಿಲ್ಲ. ಹೊರಗಿನ ಗಾಳಿ ತನ್ನ ಸೆರಗಿಗೆ ಅಂಟಿ ಬಂದು ಕೂಸಿಗೆ ತಾಗೀತು ಎಂಬ ಭಯ ಅವಳಿಗೆ. ಬಸ್ಸಿನ ಡೀಸೆಲ್ ವಾಸನೆಗೆ ಅವಳಿಗೆ ವಾಂತಿ ಬರುತ್ತಿತ್ತು. ಅಂಥವಳು ಆ ಎರಡು ಬಿರಡೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಬಾಗ್ಲು ತೆರೀಬ್ಯಾಡ. ನಾ ಬರೋತನಕ ಕೂಸಿನ ನೆತ್ತಿ ಮ್ಯಾಲೆ ಕೈ ಇಟ್ಕೊಂಡಿರು," ಎಂದು ಹೇಳಿ ಹೊರಟುಹೋದಳು.

ಆ ಮಧ್ಯಾಹ್ನ ಹೇಗೆ ಕಳೆಯಿತೋ... ಹರಿಹರ ಅಷ್ಟೇನೂ ದೂರವಲ್ಲ. ಆದರೆ ಬಸ್ಸು ಸಿಕ್ಕಿತೋ ಇಲ್ಲವೋ, ಸಿಕ್ಕರೆ ದಾರಿಯಲ್ಲಿ ಕೆಟ್ಟು ನಿಂತಿತೋ, ಇಳಿದ ಮೇಲೆ ಶೆಡ್ಡಿನ ದಾರಿ ಅವಳಿಗೆ ಗೊತ್ತೋ ಇಲ್ಲವೋ. ಮಿಲ್ಲಿನ ಕೂಗು ಕೇಳಿತು. ಪಾಳಿ ಬದಲಾಗುವ ಕೂಗು ಅದು. ಮುಂದಿನ ವಾರ ಆ ಕೂಗಿಗೆ ನಮ್ಮ ಯಜಮಾನರೂ ಡಬ್ಬಿ ಹಿಡಿದು ಓಡುತ್ತಿರುತ್ತಾರೆ, ಸಂಜೆ ಬಂದಾಗ ಹುಬ್ಬಿನ ಮೇಲೆ ಬಿಳಿ ಧೂಳು ಕೂತಿರುತ್ತದೆ, ಮತ್ತೆ ಆ ಕೆಮ್ಮು... ಕೂಸು ಅತ್ತಿತು. ನನ್ನ ಕಿವಿಯಲ್ಲಿ ಹತ್ತಿ ಇದ್ದುದರಿಂದ ಅದರ ಅಳು ಎಲ್ಲೋ ದೂರದ ಮನೆಯಿಂದ ಬಂದಂತೆ ಕೇಳಿತು. ನಾನೂ ಅತ್ತೆ.

ಅಲ್ಲಿ ನಡೆದದ್ದನ್ನು ಯಜಮಾನರು ಆಮೇಲೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಎಂಜಿನ್ನನ್ನು ಕಾರಿಗೆ ಕೂಡಿಸಿ, ತೂತುಗಳಿಗೆ ಕೊಳವೆ ಬಿಗಿದು, ಪೆಟ್ರೋಲು ಹಾಕಿಯಾಗಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಇವರು ಕಾರಿನ ಮುಂದೆ ಬಗ್ಗಿ ಹ್ಯಾಂಡಲಿಗೆ ಕೈ ಹಾಕಿದ್ದರು. ಆಗ ದೊಡ್ಡಮ್ಮ ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದು ಹ್ಯಾಂಡಲನ್ನೇ ಹಿಡಿದುಕೊಂಡಳು. "ಚಾಲೂ ಮಾಡಬ್ಯಾಡ್ರಪ್ಪ. ಅದರ ಕಿವಿಗೆ ಹತ್ತಿ ಇಟ್ಟೀನಿ," ಎಂದಳು.

ಮೇಸ್ತ್ರಿ ನಕ್ಕ. ಕೊಳವೆ ಬಿಗಿಯುವಾಗ ಕಣ್ಣಿಗೆ ಬಿದ್ದಿತ್ತು, ತೆಗೆದು ಬಿಸಾಕಿದ್ದೇನೆ, ನೀವು ಕೂತು ನೀರು ಕುಡಿಯಿರಿ ಎಂದ.

"ಎಷ್ಟು ತೆಗ್ದಿ?"

"ಒಂದಿತ್ತು, ತೆಗ್ದೀನಿ ಬಿಡ್ರಿ."

"ಕಿವಿ ಎರಡಿರ್ತಾವಲ್ಲೇನಪ್ಪ?" ಎಂದು ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ ಎರಡು ಬಿರಡೆಗಳನ್ನು ಅವನ ಕೈಗೆ ಹಾಕಿದಳು.

ಮೇಸ್ತ್ರಿಯ ನಗು ನಿಂತುಹೋಯಿತು. ಪಾನಾ ತೆಗೆದುಕೊಂಡು ಬಿಗಿದದ್ದನ್ನೆಲ್ಲ ಮತ್ತೆ ಬಿಚ್ಚಿದ. ಇನ್ನೊಂದು ಹತ್ತಿಯುಂಡೆ ತೂತಿನ ತಿರುವಿನ ಆಚೆ ಸೇರಿಕೊಂಡಿತ್ತು. ತಂತಿಯ ಕೊಕ್ಕೆ ಹಾಕಿ ಒಂದು ಎಳೆಯೂ ಒಳಗೆ ಉಳಿಯದಂತೆ ನಿಧಾನವಾಗಿ ಎಳೆದ. ಮತ್ತೆ ಬಿಗಿದರು. ಯಜಮಾನರು ಹಿಂದೆ ಸರಿದು ನಿಂತರು, ಹ್ಯಾಂಡಲನ್ನು ಮೇಸ್ತ್ರಿಯೇ ಹೊಡೆದ. ಮೊದಲು ಹಿಡಿಯಲಿಲ್ಲ, ಆಮೇಲೆ ಒಮ್ಮೆ ಕೆಮ್ಮಿತು. ಆ ಸದ್ದಿಗೆ ದೊಡ್ಡಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳಂತೆ. ಆಮೇಲೆ ಹಿಡಿಯಿತು. ಸಣ್ಣಗೆ, ಒಂದೇ ಸಮನೆ ಓಡಿತು. ಯಜಮಾನರು ಕಾರಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ಅತ್ತುಬಿಟ್ಟರು.

ದೊಡ್ಡಮ್ಮ ಕಾರಿಗೆ ಹತ್ತಲಿಲ್ಲ. ಹೊಸ ಎಂಜಿನ್ನಿಗೆ ಭಾರ ಬೇಡವೆಂದು ಬಸ್ಸಿನಲ್ಲೇ ಬಂದಳು. ಹಿತ್ತಿಲಿಂದ ಬಂದು, ಬಚ್ಚಲಲ್ಲಿ ತಲೆಗೆ ನೀರು ಸುರಿದುಕೊಂಡು, ಬೇರೆ ಸೀರೆ ಉಟ್ಟು, ಆಮೇಲೆ ಒಳಗೆ ಬಂದಳು. ನಾನು ಕಣ್ಣಲ್ಲೇ ಕೇಳಿದೆ. ಹಿಡಿಯಿತು ಎಂದು ತಲೆಯಾಡಿಸಿ, ಕೂಸಿನ ನೆತ್ತಿ ಮುಟ್ಟಿ ನೋಡಿದಳು. ನಾನು ಅವಳ ಕೈ ಹಿಡಿದುಕೊಂಡೆ. ಅದು ತಣ್ಣಗಿತ್ತು. ಸಂಜೆ ಓಣಿಯ ತಿರುವಿನಲ್ಲಿ ಕಾರಿನ ಸದ್ದು ಕೇಳಿದಾಗ ನಾವಿಬ್ಬರೂ ಉಸಿರು ಬಿಗಿಹಿಡಿದು ಕೇಳಿಸಿಕೊಂಡೆವು.

ಎಲ್ಲ ಅಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಓಣಿಯ ಬಾಯಿ ಸುಮ್ಮನಿರಬೇಕಲ್ಲ. ಎಂಜಿನ್ನಿಗೆ ಬಾಣಂತನ ಮಾಡಿದವಳು, ನಮ್ಮ ಬಾವಿ ರಾಟೆಗೂ ಒಂಚೂರು ಹತ್ತಿ ಇಡು ಬಾ ಎಂದು ನಲ್ಲಿಯ ಹತ್ತಿರ ಹೆಂಗಸರು ಅವಳನ್ನು ಕಾಡಿದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಅವಳೂ ನಗುತ್ತಿದ್ದಳು. ನನ್ನ ಬಾಣಂತನ ಮುಗಿಸಿ ಹೋದ ಮೇಲೆ ಬೇರೆ ಮನೆಯಿಂದ ಕರೆ ಬಂದರೆ ಮಂಡಿನೋವು ಎನ್ನತೊಡಗಿದಳು. ನನಗೆ ಅನುಮಾನ ಬಂದು ಒಂದು ದಿನ ಹೋಗಿ ಕೇಳಿದೆ. "ನಿನ್ನ ಗಂಡನ್ನ ನಾನೇ ಮಿಲ್ಲಿಗೆ ಕಳಿಸ್ತಿದ್ದೆ ನೋಡು. ಈ ಕೈ ಇನ್ನು ಸಾಕು," ಎಂದಳು. ತನ್ನ ಗಂಡನನ್ನು ಹತ್ತಿಗೆ ಕೊಟ್ಟವಳು ಅವಳು. ಆ ಭಯ ಎಷ್ಟು ಆಳಕ್ಕೆ ಇಳಿದಿತ್ತೆಂದು ನನಗೆ ಆಗ ತಿಳಿಯಿತು. ನನಗೆ ಗೊತ್ತಿದ್ದ ಹೆದರಿಕೆಗಳೆಲ್ಲ ಬಾಯಿಂದ ಹೊರಗೆ ಬರುವಂಥವು. ಅವಳದು ಹಾಗಲ್ಲ.

ಎರಡನೆಯ ಹೆರಿಗೆಯಾದಾಗ ನಾನು ಯಾರನ್ನೂ ಕರೆಯಲಿಲ್ಲ. ಹಸಿಮೈಯಲ್ಲೇ ಎದ್ದು ಒಲೆ ಹಚ್ಚಿದೆ. ಅದು ಅವಳಿಗೆ ಹಿತ್ತಿಲಿಂದ ಕಾಣಲಿ ಎಂದೇ ಹಚ್ಚಿದ್ದು. ಬೈಯುತ್ತ ಗೋಡೆ ದಾಟಿ ಬಂದಳು. ಎರೆದಳು, ಕೆಂಡ ಇಟ್ಟಳು, ತಲೆಗೆ ಬಟ್ಟೆ ಕಟ್ಟಿದಳು. ಹತ್ತಿ ಕೈಗೆ ತೆಗೆದುಕೊಂಡವಳು ಮಾತ್ರ ಹಾಗೇ ನಿಂತಳು; ನೀನೇ ಇಟ್ಟುಕೋ ಎಂದು ನನ್ನ ಕಡೆ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ. ಅವಳ ತೊಡೆಯ ಮೇಲೆ ತಲೆ ಇಟ್ಟು ಒಂದು ಕಿವಿ ಮೇಲೆ ಮಾಡಿ ಮಲಗಿದೆ. ಸ್ವಲ್ಪ ಹೊತ್ತಿನ ಮೇಲೆ ಎಣ್ಣೆಯ ಬೆಚ್ಚನೆ ಹತ್ತಿ ಕಿವಿಗೆ ಬಂತು. ನಾನು ಮಗ್ಗುಲು ಬದಲಿಸಿ ಇನ್ನೊಂದು ಕಿವಿ ಕೊಟ್ಟೆ. ತಾಯಿಯ ಮುಖ ಸರಿಯಾಗಿ ನೆನಪಿಲ್ಲದ ನನಗೆ, ತಾಯಿ ಎಂದರೆ ಇವತ್ತಿಗೂ ಆ ತೊಡೆ, ಆ ಕೈ.

ಆ ಕಾರು ಬಹಳ ವರ್ಷ ಓಡಿತು. ಯಜಮಾನರು ಮಿಲ್ಲಿನ ಗೇಟು ಮತ್ತೆ ತುಳಿಯಲಿಲ್ಲ. ಮೊನ್ನೆ ಮೊನ್ನೆಯವರೆಗೆ ಇದ್ದು, ವಯಸ್ಸಾಗಿ, ಕೆಮ್ಮಿಲ್ಲದೆ ಹೋದರು. ದೊಡ್ಡಮ್ಮ ಅವರಿಗಿಂತ ಎಷ್ಟೋ ಮೊದಲೇ, ಆಷಾಢದ ಗಾಳಿ ಬೀಸುವ ದಿನಗಳಲ್ಲಿ ಹೋದಳು. ಮೈ ತೊಳೆದು ಮಲಗಿಸಿದ್ದರು. ಹಿರಿಯ ಹೆಂಗಸೊಬ್ಬಳು ಹತ್ತಿ ಹಿಡಿದು, ಹೆಣ್ಣುಮಕ್ಕಳು ಯಾರಾದರೂ ಇದ್ದರೆ ಬನ್ನಿ ಎಂದಳು. ಯಾರೂ ಇರಲಿಲ್ಲ. ನಾನು ಮುಂದೆ ಹೋದೆ. ಹತ್ತಿಯನ್ನು ಎಣ್ಣೆಯಲ್ಲಿ ಅದ್ದಬೇಕಾಗಿಲ್ಲ ಎಂದರು. ನಾನು ಅದ್ದಿದೆ. ಒಂದು ಕಿವಿಗೆ ಇಟ್ಟು, ತಲೆಯನ್ನು ಮೆಲ್ಲಗೆ ತಿರುಗಿಸಿ ಇನ್ನೊಂದಕ್ಕೆ ಇಟ್ಟೆ. ಗಟ್ಟಿಯಾಗಿಯೇ ಒತ್ತಿದೆ, ಗಾಳಿ ಹೊಗದ ಹಾಗೆ...

ಲ್ಯಾಬಿನ ಹುಡುಗಿ ನೀರಿನ ಲೋಟ ವಾಪಸು ತೆಗೆದುಕೊಂಡು, ಈಗ ಹೇಗಿದೆ ಅಜ್ಜಿ ಎಂದು ಕೇಳಿದಳು. ಚೆನ್ನಾಗಿದ್ದೇನೆ, ಇನ್ನೊಂದು ಉಂಡೆ ಹತ್ತಿ ಕೊಡು ಎಂದೆ. ಕೊಟ್ಟಳು. ಆಟೋದಲ್ಲಿ ಕೂತು ಮನೆಗೆ ಬರುವಾಗ ದಾರಿಯುದ್ದಕ್ಕೂ ಗಾಳಿ ಹೊಡೆಯುತ್ತಲೇ ಇತ್ತು. ಎರಡು ಉಂಡೆಗಳನ್ನೂ ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದೆ. ನಾನೇ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ.